ಭುಜದ ಎರಡು ಚಿತ್ರಗಳು

ವಿಲೆಟನ್ ಬಡಾವಣೆಯ ದಿನಸಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಾಗ ಮೇಲಿನ ಹಲಗೆಯಿಂದ ಜಾರಿದ ಸೋನಾ ಮಸೂರಿ ಚೀಲವನ್ನು ಬೀಳಲು ಬಿಟ್ಟಿದ್ದರೆ ಚಿನ್ಮಯಿಯ ಬಲಭುಜ ಉಳಿಯುತ್ತಿತ್ತು. ಅವಳು ಹಿಡಿದಳು. ಒಳಗೆಲ್ಲೋ ಬಟ್ಟೆ ಹರಿದಂತಾಯಿತು. ಓಡಿಬಂದ ಮಾಲೀಕರಿಗೆ "ಪರವಾಗಿಲ್ಲ ಅಂಕಲ್" ಎಂದು, ಎಡಗೈಯಲ್ಲೇ ಬಿಲ್ ಹಾಕಲು ನಿಂತಳು.

ಓದಲೆಂದು ಆಸ್ಟ್ರೇಲಿಯಾದ ಪರ್ತ್‌ಗೆ ಬಂದ ಮೇಲೆ ಅವಳ ಬಾಯಿಂದ ಹೆಚ್ಚಾಗಿ ಹೊರಟ ಮಾತು ಅದೇ. ಬ್ರಿಸ್ಬೇನ್‌ನಿಂದ ಅಣ್ಣ ಸಂಕೇತ್ ಫೋನ್ ಮಾಡಿದರೂ ಅದೇ. ಮನೆಯಲ್ಲಿ ಜೊತೆಗಿದ್ದ ಸುಪ್ರೀತಾ ಕೆಲಸ ಸಿಕ್ಕಿ ಅಡಿಲೇಡ್‌ಗೆ ಹೊರಟಾಗಲೂ ಅದೇ.

ಡಾಕ್ಟರು ಮೊದಲು ಅಲ್ಟ್ರಾಸೌಂಡ್ ಬರೆದರು. ಸ್ಕ್ಯಾನ್ ಮಾಡುವಾಕೆ ಭುಜಕ್ಕೆ ಜೆಲ್ ಸವರಿ, ಬೆಚ್ಚಗಿನ ಅಂಗೈಯಲ್ಲಿ ಮೊಣಕೈ ಹಿಡಿದು, ಕೈಯನ್ನು ಪ್ಯಾಂಟಿನ ಹಿಂದಿನ ಜೇಬಿಗೆ ತರಲು ಹೇಳಿದಳು. ಸ್ನಾಯುವನ್ನು ಎಲುಬಿಗೆ ಕಟ್ಟುವ ರಜ್ಜು ಆಗಲೇ ಸರಿಯಾಗಿ ಪರದೆಗೆ ಬರುವುದಂತೆ. ಚಿನ್ಮಯಿಯ ಕೈ ಸೊಂಟದ ಹತ್ತಿರವೇ ನಿಂತಿತು. ನೋಯುತ್ತಿದೆಯೇ ಎಂದು ಕೇಳಿದ್ದಕ್ಕೆ ಇಲ್ಲವೆಂದಳು. ಎಷ್ಟೋ ತಿಂಗಳ ಮೇಲೆ ಒಬ್ಬರು ಮುಟ್ಟಿ ಮಾತಾಡಿಸಿದ್ದರು. ನೋವೆಂದು ಹೇಳಿ ಮೊಣಕೈ ಹಿಡಿದ ಆ ಕೈಯನ್ನು ತೆಗೆಸಿಬಿಡಲು ಮನಸ್ಸಾಗಲಿಲ್ಲ. ಹರಿದಿದೆಯೋ ಇಲ್ಲವೋ ಸ್ಪಷ್ಟವಿಲ್ಲ ಎಂದು ವರದಿ ಬಂತು.

ನೋವು ಬಿಡದೆ ಎಂ.ಆರ್.ಐ.ಗೆ ಹೋಗಬೇಕಾಯಿತು. ಅಲ್ಲಿನವರು ಕಿವಿ ಮುಚ್ಚಿಸಿ, ಅಲುಗಾಡಬೇಡ ಎಂದು ಗಾಜಿನಾಚೆ ಹೋದರು. ಕೊಳವೆಯೊಳಗೆ ಕಟಕಟ ಎನ್ನುತ್ತಿದ್ದ ಯಂತ್ರ ಅವಳನ್ನು ಏನೂ ಕೇಳಲಿಲ್ಲ. ಪರವಾಗಿಲ್ಲ ಎನ್ನಲು ಎಡೆಯೇ ಇರಲಿಲ್ಲ. ರಜ್ಜು ಪೂರ್ತಿ ಹರಿದಿತ್ತು.

ಸರ್ಜನ್ ಎರಡೂ ಚಿತ್ರ ಪಕ್ಕಪಕ್ಕ ಇಟ್ಟು, ಇಷ್ಟು ಹರಿದಿದ್ದರೆ ಅಲ್ಟ್ರಾಸೌಂಡಿನಲ್ಲೂ ಸಾಮಾನ್ಯವಾಗಿ ಕಾಣುತ್ತದೆ, ಕೈ ಹಿಂದಕ್ಕೆ ಬರಬೇಕಿತ್ತಷ್ಟೆ ಎಂದರು. ಬೇಗ ಹೊಲಿಯಬೇಕು; ತಡವಾದರೆ ರಜ್ಜು ಒಳಕ್ಕೆ ಸರಿದುಬಿಡುತ್ತದೆ. ಆದರೆ ಆಪರೇಷನ್ನಾದ ರಾತ್ರಿ ಮನೆಯಲ್ಲಿ ಜೊತೆಗೊಬ್ಬರು ಇರಲೇಬೇಕು, ಇಲ್ಲದಿದ್ದರೆ ದಿನ ಗೊತ್ತುಮಾಡುವುದಿಲ್ಲ. ಯಾರಿದ್ದಾರೆ ಎಂದು ನರ್ಸ್ ಕೇಳಿದಳು. ಆಮೇಲೆ ತಿಳಿಸುತ್ತೇನೆಂದು ಚಿನ್ಮಯಿ ಎದ್ದುಬಂದಳು.

ಸಿಟಿಯ ಬಸ್‌ಸ್ಟಾಪಿನಲ್ಲಿ ಕೂತು ಸದರ್ನ್ ರಿವರ್ ಬಡಾವಣೆಯ ಗಂಗಮ್ಮ ಆಂಟಿಯ ನಂಬರ್ ಹುಡುಕಿದಳು. ಅಂಗಡಿಗೆ ಬಂದಾಗಲೆಲ್ಲ ಊಟಕ್ಕೆ ಕರೆಯುವವರು. ಇವಳು ಒಮ್ಮೆಯೂ ಹೋಗಿರಲಿಲ್ಲ.

"ಏನಮ್ಮಾ, ಅಂಗಡೀಲಿ ಕಾಣ್ತಾನೇ ಇಲ್ಲ. ನಮ್ಮನ್ನ ಮರೆತ್ಬಿಟ್ಯಾ? ಚೆನ್ನಾಗಿದೀಯಾ?"

"ಪರವಾ..." ಎಂದವಳು ತಡೆದಳು. ಅವಳ ಬಸ್ಸು ಬಂದು, ನಿಂತು, ಹೋಯಿತು.

"ಇಲ್ಲ ಆಂಟಿ. ತುಂಬಾ ನೋಯ್ತಿದೆ."

ಆಚೆ ಒಲೆ ಆರಿಸಿದ ಸದ್ದು. "ಎಲ್ಲಿ ನೋವು, ಹೇಳು ಮಗಳೆ."

ನೋಡುವವರು ಯಾರೂ ಇರಲಿಲ್ಲ. ಆದರೂ ಚಿನ್ಮಯಿ ಫೋನನ್ನು ಕೆನ್ನೆಗೂ ಎಡಭುಜಕ್ಕೂ ನಡುವೆ ಒತ್ತಿಕೊಂಡು, ಎಡಗೈಯನ್ನು ಬಲಭುಜದ ಮೇಲಿಟ್ಟು ತೋರಿಸಿದಳು.