ಎಮ್ಮೆಯ ಪಾಲಿನ ಮುದ್ದೆ

ಯಾರ ಮನೆ ಹೇಗೆ ನಡೆಯುತ್ತಿದೆ ಎಂದು ತಿಳಿಯಬೇಕಾದರೆ ಅವರ ಅಡುಗೆಮನೆಗೆ ಇಣುಕಬೇಕಾಗಿಲ್ಲ, ಹಿತ್ತಿಲ ಬಾಗಿಲಿನ ಕಲಗಚ್ಚಿನ ಮಡಕೆ ನೋಡಿದರೆ ಸಾಕು ಎಂದು ತೀರ್ಥಮ್ಮ ಅಜ್ಜಂಪುರದ ತನ್ನ ಬೀದಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು. ಹೇಳುವುದೇನೋ ಹೇಳುತ್ತಿದ್ದಳು. ಮಡಕೆ ಎದುರಿಗೇ ಇದ್ದಾಗ ಮಾತ್ರ ಅವಳಿಗೆ ಕಣ್ಣು ಕಾಣಲಿಲ್ಲ.

ತೀರ್ಥಮ್ಮನದು ಒಂದೇ ಎಮ್ಮೆ. ಅದರ ಮೇಲೆ ಅವಳಿಗಿದ್ದ ಮಮತೆ ಗಂಡ ಗಂಗಾಧರಯ್ಯನ ಮೇಲೂ ಇರಲಿಲ್ಲ. ಇದನ್ನು ಗಂಗಾಧರಯ್ಯನೇ ಹೇಳುತ್ತಿದ್ದ. ಪಕ್ಕದ ಮನೆಯ ಮಲ್ಲಿಕಾಂಬಳ ಹಿತ್ತಿಲಲ್ಲಿ ತೀರ್ಥಮ್ಮನ ಮಡಕೆಯೊಂದು ಇರುತ್ತಿತ್ತು. ಅಕ್ಕಿ ತೊಳೆದ ನೀರು, ಬಸಿದ ಗಂಜಿ, ತರಕಾರಿ ಸಿಪ್ಪೆ, ಹಳಸಿದ್ದು, ಮಿಕ್ಕಿದ್ದು ಎಲ್ಲವನ್ನೂ ಮಲ್ಲಿಕಾಂಬ ಅದಕ್ಕೆ ಹಾಕಬೇಕು. ಸಂಜೆ ತೀರ್ಥಮ್ಮ ಅದನ್ನು ಒಯ್ದು ಎಮ್ಮೆಯ ಮುಂದಿಡಬೇಕು. ಬೆಳಿಗ್ಗೆ ಮಲ್ಲಿಕಾಂಬಳ ಮನೆಗೆ ಒಂದು ಚೊಂಬು ಮಜ್ಜಿಗೆ ಹೋಗಬೇಕು. ಇಬ್ಬರೂ ಕೂತು ಮಾಡಿಕೊಂಡ ಒಪ್ಪಂದವೇನಲ್ಲ, ಅತ್ತೆಯರ ಕಾಲದಿಂದ ಹಾಗೇ ನಡೆದು ಬಂದಿತ್ತು.

ಎಪ್ಪತ್ತೆಂಟರ ಬೇಸಿಗೆಯಲ್ಲಿ ಮಡಕೆ ತೆಳ್ಳಗಾಯಿತು. ಮೊದಲು ಸಿಪ್ಪೆ ಹೋಯಿತು. ಆಮೇಲೆ ಗಂಜಿ ಹೋಯಿತು. ಕೊನೆಗೆ ಉಳಿದದ್ದು ಅಕ್ಕಿ ತೊಳೆದ ನೀರು, ಅದೂ ತಳ ಕಾಣುವಷ್ಟು ತಿಳಿ. ಎಮ್ಮೆ ಮೂಸಿ ನೋಡಿ ಮುಖ ತಿರುಗಿಸಿತು. ಅಷ್ಟಕ್ಕೇ ತೀರ್ಥಮ್ಮನಿಗೆ ಪಿತ್ತ ನೆತ್ತಿಗೇರಿತು. ಹಿಂದಿನ ಬೀದಿಯ ಕಲ್ಲಮ್ಮ ಹೊಸದಾಗಿ ಹಸು ಕಟ್ಟಿದ್ದಳು. ಕಲಗಚ್ಚು ಅಲ್ಲಿಗೆ ಹೋಗುತ್ತಿದೆ ಎಂದು ತೀರ್ಥಮ್ಮ ತೀರ್ಮಾನ ಮಾಡಿಬಿಟ್ಟಳು. ಯಾರನ್ನೂ ಕೇಳಲಿಲ್ಲ, ಕೇಳುವ ಅಭ್ಯಾಸ ಅವಳಿಗಿರಲಿಲ್ಲ.

ಮರುದಿನ ಬೀದಿ ನಲ್ಲಿಯ ಹತ್ತಿರ ಹೆಂಗಸರೆಲ್ಲ ಕೊಡ ಹಿಡಿದು ನಿಂತಿರುವಾಗಲೇ ಶುರು ಮಾಡಿದಳು.

"ಏನೇ ಮಲ್ಲಿಕಾ, ನಮ್ಮೆಮ್ಮೆಗೆ ನೀರು ಕುಡಿಸೋಕೆ ನಮ್ಮನೇಲೂ ಬಾವಿ ಐತೆ ಕಣೇ. ಬರೀ ನೀರಿಗೆ ದಿನಾ ಚೊಂಬು ಮಜ್ಜಿಗೆ ಹುಯ್ಯೋಕೆ ನಾನೇನು ಅರವಟ್ಟಿಗೆ ಇಟ್ಟಿದೀನಾ?"

ಮಲ್ಲಿಕಾಂಬ ಕೊಡದ ಕಂಠ ಉಜ್ಜುತ್ತಿದ್ದಳು. ತಲೆ ಎತ್ತಲಿಲ್ಲ.

"ಕಲ್ಲಮ್ಮನ ಹಸ ಹಾಲು ಚೆನ್ನಾಗಿ ಕೊಡ್ತಿರಬೇಕು. ಹಾಲಿನ ರುಚಿ ಕಂಡೋರಿಗೆ ನಮ್ಮ ಮಜ್ಜಿಗೆ ಯಾಕೆ ಬೇಕು, ಅಲ್ವಾ?"

ಯಾರೋ ಕಿಸಕ್ಕನೆ ನಕ್ಕರು. ಮಲ್ಲಿಕಾಂಬ ಉಜ್ಜುವುದನ್ನು ನಿಲ್ಲಿಸಿದಳು.

"ಹಂಗೇನಿಲ್ಲ ತೀರ್ಥಕ್ಕ. ಮರ್ತೋಗ್ತಿತ್ತು. ಇವತ್ತಿಂದ ಸರಿಯಾಗಿ ಹಾಕ್ತೀನಿ" ಎಂದಳು.

ಅಂದು ಸಂಜೆ ಮಡಕೆಯ ತಳದಲ್ಲಿ ಒಂದು ರಾಗಿಮುದ್ದೆ ಇತ್ತು. ಮುರಿದದ್ದಲ್ಲ, ಯಾರೂ ಬಾಯಿ ಹಚ್ಚಿದ್ದಲ್ಲ, ಇಡೀ ಮುದ್ದೆ. ಮರುದಿನವೂ ಒಂದು ಮುದ್ದೆ. ಅದರ ಮರುದಿನವೂ. ಎಮ್ಮೆ ಮಡಕೆಯ ಅಂಚನ್ನೂ ಬಿಡದೆ ನೆಕ್ಕಿತು.

"ನೋಡಿದ್ರಾ" ಎಂದಳು ತೀರ್ಥಮ್ಮ ಗಂಡನಿಗೆ. "ಬಾಯಿದ್ದೋರು ಬರಗಾಲದಲ್ಲೂ ಬದುಕ್ತಾರೆ ಅಂತ ಸುಮ್ನೆ ಹೇಳ್ತಾರಾ?"

ಹಳಸಿದ ಮುದ್ದೆಗೂ ಇವತ್ತು ಮಾಡಿದ ಮುದ್ದೆಗೂ ವ್ಯತ್ಯಾಸ ತಿಳಿಯದ ಹೆಂಗಸೇನಲ್ಲ ತೀರ್ಥಮ್ಮ. ಮಡಕೆಗೆ ಕೈ ಹಾಕಿದಾಗ ಬೆರಳಿಗೆ ಗೊತ್ತಾಗಿತ್ತು. ಆದರೆ ಎಮ್ಮೆ ತಿನ್ನುತ್ತಿತ್ತು, ಕಣ್ಣಿಗೆ ಹಬ್ಬವಾಗಿತ್ತು, ತಾನು ಗೆದ್ದಿದ್ದಳು. ಬೆರಳಿನ ಮಾತನ್ನು ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

ಸೋಮವಾರ ಮಜ್ಜಿಗೆ ಕಡೆಯುವುದು ತಡವಾಯಿತು. ಚೊಂಬು ಹಿಡಿದು ತೀರ್ಥಮ್ಮ ತಾನೇ ಮಲ್ಲಿಕಾಂಬಳ ಹಿತ್ತಿಲಿಗೆ ಹೋದಾಗ ಮಧ್ಯಾಹ್ನದ ಊಟದ ಹೊತ್ತು. ಅಡುಗೆಮನೆಯ ಬಾಗಿಲು ಅರ್ಧ ತೆರೆದಿತ್ತು. ಕರೆಯಬೇಕೆಂದು ಬಾಯಿ ತೆರೆದವಳು ಹಾಗೇ ನಿಂತಳು.

ಮಲ್ಲಿಕಾಂಬ ಒರಳ ಮುಂದೆ ಕೂತು ಹೀರೇಕಾಯಿ ಸಿಪ್ಪೆ ಅರೆಯುತ್ತಿದ್ದಳು. ಒಣಮೆಣಸಿನಕಾಯಿ, ಹುಣಸೆಹಣ್ಣು, ಹುರಿದ ಸಿಪ್ಪೆ. ಸಿಪ್ಪೆ ಹೆರೆದ ಹೀರೇಕಾಯಿ ರಾತ್ರಿಗೆಂದು ಮೊರದಲ್ಲಿ ಬೇರೆ ಇತ್ತು. ಬಸಿದ ಗಂಜಿಗೆ ಹುಳಿ ಹಿಂಡಿ, ಡಬ್ಬಗಳ ತಳ ಕೊಡವಿದಾಗ ಸಿಕ್ಕಿದ ಹುರುಳಿ, ಅಲಸಂದೆ, ಹೆಸರುಕಾಳು ಎಲ್ಲ ಸೇರಿಸಿ ಒಂದು ಒಗ್ಗರಣೆ ಕೊಟ್ಟಿದ್ದಳು, ಸಾರು ಅದೇ. ನಿನ್ನೆ ಮಿಕ್ಕ ರೊಟ್ಟಿಯ ಚೂರುಗಳು ನಿನ್ನೆಯದೇ ಮಜ್ಜಿಗೆಯಲ್ಲಿ ನೆನೆಯುತ್ತಿದ್ದವು. ಘಮಘಮ ಅನ್ನುತ್ತಿತ್ತು. ತನ್ನ ಎಮ್ಮೆಯ ಸಿಪ್ಪೆ, ಎಮ್ಮೆಯ ಗಂಜಿ ಎಲ್ಲಿಗೆ ಹೋಗುತ್ತಿತ್ತು ಎಂಬುದು ತೀರ್ಥಮ್ಮನಿಗೆ ಆಗ ತಿಳಿಯಿತು.

ಒಲೆಯ ಪಕ್ಕ ಮೂರು ಮುದ್ದೆ ಕಟ್ಟಿಟ್ಟಿತ್ತು. ಒಂದನ್ನು ಮಲ್ಲಿಕಾಂಬ ಬೋಗುಣಿ ಮುಚ್ಚಿ ಗಂಡನಿಗೆಂದು ಎತ್ತಿಟ್ಟಳು. ಒಂದನ್ನು ಎರಡು ಮಾಡಿ ಇಬ್ಬರು ಹೆಣ್ಣುಮಕ್ಕಳ ತಟ್ಟೆಗೆ ಹಾಕಿದಳು. ಮೂರನೆಯದಕ್ಕೆ ಚಿಕ್ಕವಳು ಕೈ ಚಾಚಿದಳು.

"ಅಮ್ಮಾ, ಎಮ್ಮೆ ಮುದ್ದೆ ಇವತ್ತು ದೊಡ್ಡದಾಗೈತೆ."

"ಅದನ್ನ ಮುಟ್ಬೇಡ ಕಣವ್ವ. ಎಮ್ಮೆಗೆ ಹಾಕಿದ್ರೆ ತಾನೇ ನಮಗೆ ಮಜ್ಜಿಗೆ ಬರೋದು? ಮಜ್ಜಿಗೆ ಇದ್ರೆ ಮೂರು ಹೊತ್ತು ಹೆಂಗೋ ಆಗ್ತದೆ."

ಚಿಕ್ಕವಳು ಹಟ ಮಾಡಲಿಲ್ಲ, ಕೈ ಹಿಂದಕ್ಕೆ ತೆಗೆದುಕೊಂಡಳು. ಐದು ವರ್ಷದ ಮಗು. ಮಲ್ಲಿಕಾಂಬ ಮುದ್ದೆಯ ಪಾತ್ರೆಯ ತಳ ಕೆರೆದು, ಅಂಟಿದ್ದಷ್ಟನ್ನು ತನ್ನ ಬಾಯಿಗೆ ಹಾಕಿಕೊಂಡಳು.

ತೀರ್ಥಮ್ಮ ಚೊಂಬನ್ನು ಸದ್ದಾಗದಂತೆ ಮೆಟ್ಟಿಲ ಮೇಲಿಟ್ಟು ಬಂದುಬಿಟ್ಟಳು. ಮನೆಗೆ ಬಂದು ಊಟಕ್ಕೆ ಕೂತವಳು ತಟ್ಟೆಯಲ್ಲಿದ್ದದ್ದನ್ನು ಕಲಸುತ್ತಲೇ ಇದ್ದಳು. ಥೂ, ನನ್ನ ಬಾಯಿಗಿಷ್ಟು ಎಂದು ತನ್ನನ್ನೇ ಬೈದುಕೊಂಡಳು. ಆ ಮಗುವಿನ ಕೈ ಹಿಂದಕ್ಕೆ ಹೋದದ್ದು ಕಣ್ಣ ಮುಂದಿನಿಂದ ಹೋಗಲೊಲ್ಲದು.

"ಓಂಕಾರಮೂರ್ತಿ ಕೆಲಸಕ್ಕೆ ಹೋಗ್ತಾನೆ ತಾನೇ?" ಎಂದು ಗಂಡನನ್ನು ಕೇಳಿದಳು. ಓಂಕಾರಮೂರ್ತಿ ಮಲ್ಲಿಕಾಂಬಳ ಗಂಡ, ಊರಿನ ಶೇಂಗಾ ಮಂಡಿಯಲ್ಲಿ ಗುಮಾಸ್ತೆ.

"ಮಂಡಿ ಮುಚ್ಚಿ ಯಾವ ಕಾಲ ಆಯ್ತು" ಎಂದ ಗಂಗಾಧರಯ್ಯ. "ಮಂಡಿ ಸಾವ್ಕಾರ್ರು ಅಣ್ಣತಮ್ಮಂದಿರೇ ಜಗಳ ಆಡ್ಕೊಂಡು ಬೀಗ ಹಾಕಿದ್ರು. ದಿನಾ ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕ್ಕೊಂಡು ರೈಲಿಗೆ ಹೋಗ್ತಾನಲ್ಲ, ಕಡೂರಲ್ಲಿ ಕೊಬ್ಬರಿ ಮಂಡಿಗಳ ಮುಂದೆ ಕೂತಿರ್ತಾನೆ. ಯಾರಾದ್ರೂ ಲೆಕ್ಕ ಬರೆಯೋಕೆ ಕರೆದ್ರೆ ಉಂಟು, ಇಲ್ದಿದ್ರೆ ಇಲ್ಲ. ನಾನೇ ನೋಡಿದೀನಿ."

"ನನಗ್ಯಾಕೆ ಹೇಳ್ಲಿಲ್ಲ?"

"ನಿನಗೆ ಹೇಳಿದ್ರೆ ನಲ್ಲಿ ಹತ್ರ ಗೊತ್ತಾಗ್ತದೆ. ಯಾರಿಗೂ ಹೇಳ್ಬ್ಯಾಡಿ ಅಂತ ಕೈ ಹಿಡ್ಕೊಂಡಿದ್ದ."

ಬೇರೆ ದಿನವಾಗಿದ್ದರೆ ಈ ಮಾತಿಗೆ ತೀರ್ಥಮ್ಮ ಮನೆಯ ಹೆಂಚು ಹಾರಿಹೋಗುವಂತೆ ಕೂಗಾಡುತ್ತಿದ್ದಳು. ಅಂದು ತಟ್ಟೆ ತಳ್ಳಿ ಎದ್ದು ಹೋಗುವುದಕ್ಕೂ ಧೈರ್ಯವಾಗದೆ, ಇದ್ದದ್ದನ್ನು ಹೇಗೋ ನುಂಗಿ ಕೊಟ್ಟಿಗೆಗೆ ಹೋಗಿ ಕೂತಳು.

ಮಂಗಳವಾರ ಬೆಳಿಗ್ಗೆ ಅವಳಿಗೆ ತೋಚಿದ್ದು ಇಷ್ಟು: ಮಜ್ಜಿಗೆಯನ್ನು ಗಟ್ಟಿಯಾಗಿ ಕಡೆದು, ಚೊಂಬಿಗೆ ಒಂದು ನಿಂಬೆಗಾತ್ರ ಬೆಣ್ಣೆ ತೇಲಿಬಿಟ್ಟು ಕೊಟ್ಟಳು. ಮಕ್ಕಳ ಬಾಯಿಗಾದರೂ ಹೋಗಲಿ ಎಂದುಕೊಂಡಳು. ಮನಸ್ಸು ಸ್ವಲ್ಪ ಹಗುರವಾದಂತಾಯಿತು.

ಸಂಜೆ ಮಡಕೆಗೆ ಕೈ ಹಾಕಿದರೆ ಎರಡು ಮುದ್ದೆ.

ತೀರ್ಥಮ್ಮ ಕಲಗಚ್ಚಿನಲ್ಲಿ ಕೈ ಇಟ್ಟುಕೊಂಡೇ ಕೂತುಬಿಟ್ಟಳು. ಬೆಣ್ಣೆ ಬಂತಲ್ಲ, ಅದಕ್ಕೆ ತಕ್ಕಂತೆ ಮಡಕೆಯೂ ತುಂಬಬೇಕಲ್ಲ. ಮಲ್ಲಿಕಾಂಬ ಯಾರ ಋಣವನ್ನೂ ಇಟ್ಟುಕೊಳ್ಳುವ ಹೆಣ್ಣಲ್ಲ. ಹಾಗಾದರೆ ಇವತ್ತು ಆ ಮಕ್ಕಳು ಏನು ತಿಂದವು? ನೀರಲ್ಲಿ ನೆಂದ ಮುದ್ದೆಯನ್ನು ತಿರುಗಿ ಕೊಡುವ ಹಾಗಿಲ್ಲ, ಚೆಲ್ಲುವ ಹಾಗಂತೂ ಇಲ್ಲವೇ ಇಲ್ಲ. ಎಮ್ಮೆಗೇ ಇಟ್ಟಳು. ಎಮ್ಮೆ ಚಪ್ಪರಿಸಿ ತಿಂದಿತು. ಅದರ ಮೇಲೂ ಅವಳಿಗೆ ಅಸಹ್ಯವಾಯಿತು.

ಬುಧವಾರ ಬೆಣ್ಣೆ ಹಾಕಲಿಲ್ಲ. ಆದರೂ ಮಡಕೆಯಲ್ಲಿ ಮತ್ತೆ ಎರಡು ಮುದ್ದೆ ಇದ್ದವು.

"ಹೋಗಿ ಬಾಯಿಬಿಟ್ಟು ಹೇಳಬಾರದಾ?" ಎಂದ ಗಂಗಾಧರಯ್ಯ.

"ಹೇಳಿದ್ರೆ ಅವಳ ಮಾನ ಏನಾಗ್ತದೆ?"

ಮಾನದ ಮಾತು ಅರ್ಧ ನಿಜ. ಇನ್ನರ್ಧ, ನಲ್ಲಿಯ ಮುಂದೆ ಅಷ್ಟು ಜನರೆದುರು ಆಡಿದ ಬಾಯಿಂದಲೇ ತಪ್ಪಾಯಿತು ಎನ್ನಬೇಕಲ್ಲ ಎಂಬ ಸಂಕಟ. ಐವತ್ತು ದಾಟಿದ ತೀರ್ಥಮ್ಮ ಆ ಮಾತನ್ನು ಗಂಡನಿಗೂ ಹೇಳಿದವಳಲ್ಲ. ಅದಕ್ಕೇ ಗುರುವಾರ ಒಂದು ಸುಳ್ಳು ಹೊಸೆದುಕೊಂಡು ಹೋದಳು.

"ಮಲ್ಲಿಕಾ, ಎಮ್ಮೆಗೆ ಹೊಟ್ಟೆ ಉಬ್ಬರ ಕಣೇ. ಬೇಯಿಸಿದ್ದು ಏನೂ ಹಾಕ್ಬ್ಯಾಡಿ ಅಂದ್ರು ದನದ ಡಾಕ್ಟ್ರು. ಇನ್ಮೇಲೆ ಮುದ್ದೆ ಗಿದ್ದೆ ಹಾಕ್ಬ್ಯಾಡ. ಬರೀ ಅಕ್ಕಿ ತೊಳೆದ ನೀರು ಸಾಕು."

ಮಲ್ಲಿಕಾಂಬಳ ಮುಖ ಬಿಳಿಚಿಕೊಂಡಿತು.

"ಮುದ್ದೆಯಿಂದಾನಾ ತೀರ್ಥಕ್ಕ? ಅಯ್ಯೋ ಶಿವನೇ, ಮೂಕಪ್ರಾಣಿ. ನನ್ನಿಂದ ಹಿಂಗಾಯ್ತಲ್ಲ."

"ಏನಿಲ್ಲ ಬಿಡು, ಸರಿಹೋಗ್ತದೆ" ಎಂದು ತೀರ್ಥಮ್ಮ ಅವಸರದಲ್ಲಿ ಹಿಂದಿರುಗಿದಳು. ಕೆಲಸ ಆಯಿತು, ಇನ್ನು ಮಕ್ಕಳು ತಿನ್ನುತ್ತಾರೆ ಎಂದುಕೊಂಡಳು.

ಶುಕ್ರವಾರ ಬೆಳಿಗ್ಗೆ ಬಾಗಿಲು ತೆರೆದರೆ ಜಗಲಿಯ ಮೇಲೆ ಕಲಗಚ್ಚಿನ ಮಡಕೆ ಬೋರಲು ಹಾಕಿತ್ತು. ಬೂದಿ ಹಾಕಿ ತಿಕ್ಕಿ ತೊಳೆದಿತ್ತು. ಕಳಿಸಿದ ಮಜ್ಜಿಗೆಯ ಚೊಂಬನ್ನು ಹಾಗೇ ಹಿಡಿದುಕೊಂಡು ಮಲ್ಲಿಕಾಂಬಳ ದೊಡ್ಡ ಮಗಳು ವಾಪಸು ಬಂದಳು.

"ಅಮ್ಮ ಬ್ಯಾಡ ಅಂದ್ಲು ದೊಡ್ಡಮ್ಮ. ಎಮ್ಮೆಗೆ ಬರೀ ನೀರು ಹಾಕಿ ಮಜ್ಜಿಗೆ ಹೆಂಗೆ ಈಸ್ಕೊಳ್ಳೋದು ಅಂದ್ಲು."

ಮುದ್ದೆ ಕಿತ್ತುಕೊಂಡದ್ದು ಸಾಲದೆ ಈಗ ಮಜ್ಜಿಗೆಯನ್ನೂ ಕಿತ್ತುಕೊಂಡ ಹಾಗಾಯಿತು. ಇನ್ನು ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ಮಧ್ಯಾಹ್ನದವರೆಗೆ ಒಳಗೂ ಹೊರಗೂ ಓಡಾಡಿ, ಕೊನೆಗೆ ಒಂದು ಕೈಯಲ್ಲಿ ಮಡಕೆ, ಒಂದು ಕೈಯಲ್ಲಿ ಚೊಂಬು ಹಿಡಿದು ತೀರ್ಥಮ್ಮ ಪಕ್ಕದ ಮನೆಯ ಅಡುಗೆಮನೆಗೆ ನುಗ್ಗಿದಳು.

"ಎಮ್ಮೆಗೆ ಏನೂ ಆಗಿಲ್ಲ ಕಣೇ. ಕಲ್ಲುಗುಂಡಿನ ಹಂಗೈತೆ. ನಾನು ಸುಳ್ಳು ಹೇಳ್ದೆ."

ಮಲ್ಲಿಕಾಂಬ ಸೌಟು ಹಿಡಿದು ನೋಡುತ್ತ ನಿಂತಳು.

"ನಾನು ನೋಡಿಬಿಟ್ಟೆ ಮಲ್ಲಿಕಾ. ಮುದ್ದೆ ಹಂಚಿದ್ದು ನೋಡಿದೆ. ನಿನ್ನ ಮಕ್ಕಳ ಬಾಯಿಂದ ಕಿತ್ತು ನನ್ನ ಎಮ್ಮೆಗೆ ಹಾಕಿಸ್ಕೊಂಡೆ. ತಪ್ಪಾಯ್ತು."

ಮಲ್ಲಿಕಾಂಬ ಸೌಟು ಕೆಳಗಿಟ್ಟು ಕೇಳಿದಳು: "ಯಾವತ್ತು ನೋಡಿದ್ರಿ?"

"ಸೋಮವಾರ."

"ಮಂಗಳವಾರ ಎರಡು ಹಾಕಿದ್ದೆ."

"ಹೂಂ."

"ಬುಧವಾರಾನೂ. ನೋಡಿದ ಮ್ಯಾಲೂ ತಗೊಂಡೋದ್ರಿ."

ಮಲ್ಲಿಕಾಂಬ ತೀರ್ಥಮ್ಮನ ಕೈಯಿಂದ ಮಡಕೆ ಈಸಿಕೊಂಡು ಹಿತ್ತಿಲ ಬಾಗಿಲಲ್ಲಿ, ಯಾವಾಗಲೂ ಇಡುವ ಜಾಗದಲ್ಲಿ ಇಟ್ಟಳು.

"ನಾಳೆಯಿಂದ ಅಕ್ಕಿ ತೊಳೆದ ನೀರು ಅಷ್ಟೇ. ಸಿಪ್ಪೆ ನಮಗೇ ಬೇಕು."

"ಸಾಕು."

"ಹಾಕಿದ ಮುದ್ದೆ ಲೆಕ್ಕಕ್ಕೆ ಮಜ್ಜಿಗೆ ಮೊದಲಿನ ಹಂಗೇ ಕೊಡಿ. ಬೆಣ್ಣೆ ಬ್ಯಾಡ."

"ಆಯ್ತು ಕಣವ್ವ" ಎಂದು ತೀರ್ಥಮ್ಮ ಬದುಕಿದೆ ಎನ್ನುವಂತೆ ಹೊರಡಲು ತಿರುಗಿದಳು.

"ಎಲ್ಲಿಗೆ? ಊಟದ ಹೊತ್ತಿಗೆ ಬಂದೋರನ್ನ ಹಂಗೇ ಕಳಿಸೋ ಪದ್ಧತಿ ನಮ್ಮನೇಲಿಲ್ಲ. ಕೂತ್ಕಳ್ಳಿ."

"ಬ್ಯಾಡ ಕಣೇ, ನನ್ನದಾಯ್ತು."

"ಎಮ್ಮೆಗೆ ಹಾಕಿದ್ದನ್ನ ನಿಮಗೆ ಹಾಕಬಾರದಾ?"

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ತೀರ್ಥಮ್ಮ ತಡೆದುಕೊಳ್ಳುತ್ತಿದ್ದಳು.

ಅಂದೂ ಮೂರು ಮುದ್ದೆ ಇದ್ದವು. ಎಮ್ಮೆಯ ಪಾಲು ಇಲ್ಲದ್ದರಿಂದ, ಗಂಡನದನ್ನು ಎತ್ತಿಟ್ಟ ಮೇಲೆ ಮಕ್ಕಳಿಬ್ಬರ ತಟ್ಟೆಯಲ್ಲೂ ಒಂದೊಂದು ಇಡೀ ಮುದ್ದೆ ಕೂತಿತ್ತು. ಚಿಕ್ಕವಳು ಇನ್ನೂ ಮುರಿದಿರಲಿಲ್ಲ, ನೋಡುತ್ತ ಕೂತಿದ್ದಳು. ಮಲ್ಲಿಕಾಂಬ ಆ ಮುದ್ದೆ ಎತ್ತಿ ಬೇರೆ ತಟ್ಟೆಗೆ ಹಾಕಿ, ಸಿಪ್ಪೆ ಚಟ್ನಿ ಬಡಿಸಿ ತೀರ್ಥಮ್ಮನ ಮುಂದಿಟ್ಟಳು. ದೊಡ್ಡವಳ ಮುದ್ದೆಯನ್ನು ಎರಡು ಮಾಡಿದಳು.

ಬಡಿಸಿದ್ದನ್ನು ಬಿಟ್ಟೇಳುವುದು ಈ ಶಿವಭಕ್ತರ ಮನೆತನಗಳಲ್ಲಿ ಇಲ್ಲ. ತಟ್ಟೆಗೆ ಬಿದ್ದದ್ದು ಪ್ರಸಾದ. ಒಂದು ಅಗುಳು ಉಳಿಸುವಂತಿಲ್ಲ, ಎತ್ತಿ ಬೇರೆಯವರ ತಟ್ಟೆಗೆ ಹಾಕುವಂತಿಲ್ಲ, ತಟ್ಟೆ ತೊಳೆದ ನೀರನ್ನೂ ಚೆಲ್ಲುವಂತಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ತೀರ್ಥಮ್ಮ ಕೂತಳು. ಮುದ್ದೆ ಮುರಿದು ಚಟ್ನಿಯಲ್ಲಿ ಅದ್ದಿ ನುಂಗಿದಳು. ಚಟ್ನಿ ಬಹಳ ಚೆನ್ನಾಗಿತ್ತು, ಅದರಿಂದ ಇನ್ನೂ ಕಷ್ಟವಾಯಿತು. ಕಣ್ಣಲ್ಲಿ ನೀರು ಬಂದರೆ ಖಾರ ಎಂದುಕೊಳ್ಳಲಿ ಎಂದು ಒರೆಸಿಕೊಳ್ಳಲಿಲ್ಲ. ಎದುರಿಗೆ ಚಿಕ್ಕವಳು ತನ್ನ ಅರ್ಧ ಮುಗಿಸಿ, ಬೆರಳು ಚೀಪುತ್ತ, ತೀರ್ಥಮ್ಮನ ತಟ್ಟೆಯನ್ನೇ ನೋಡುತ್ತಿದ್ದಳು. ತೀರ್ಥಮ್ಮ ಪೂರ್ತಿ ತಿಂದಳು. ಆಮೇಲೆ ತಟ್ಟೆಗೆ ನೀರು ಹಾಕಿ, ಬೆರಳಾಡಿಸಿ ತೊಳೆದು, ಆ ನೀರನ್ನೂ ಕುಡಿದಳು.