ಮಂಡಿಯ ಅಚ್ಚು

ಮಾವನ ಮಂಡಿಯ ಅಚ್ಚನ್ನು ಸೊಸೆ ತೆಗೆದದ್ದು ಕಟ್ಟುಹಲ್ಲಿಗೆ ಬಳಸುವ ಗುಲಾಬಿ ಬಣ್ಣದ ಮೇಣದಲ್ಲಿ. ದಂತವೈದ್ಯರಿಗೆ ಹಲ್ಲಿನ ಸೆಟ್ಟು ಮಾಡಿಕೊಡುವ ಲ್ಯಾಬಿನಲ್ಲಿ ಅವಳಿಗೆ ಕೆಲಸ. ವೈದ್ಯರು ಬಾಯಿಯ ಅಚ್ಚು ಕಳಿಸುತ್ತಾರೆ. ಅವಳು ಅದರ ಮೇಲೆ ಮೇಣದ ಒಸಡು ಕಟ್ಟಿ, ಹಲ್ಲು ಕೂರಿಸಿ, ಮೇಣವಿದ್ದ ಕಡೆ ಗಟ್ಟಿ ವಸ್ತು ತುಂಬಿ, ತಿಕ್ಕಿ ಹೊಳಪು ಕೊಟ್ಟು ವಾಪಸು ಕಳಿಸುತ್ತಾಳೆ. ಆ ಬಾಯಿ ಯಾರದೆಂದು ನೋಡುವ ಪ್ರಸಂಗವೇ ಬರುವುದಿಲ್ಲ. "ಜನ ಸುಳ್ಳು ಹೇಳ್ಬಹುದು, ಅಚ್ಚು ಹೇಳಲ್ಲ" ಎಂಬುದು ಅವಳು ಆಗಾಗ ಆಡುವ ಮಾತು.

ಈ ಸಲ ಮೇಣ ಮೆತ್ತಿದ್ದು ಹಳೆಯ ಮೋಟರ್ ಸೈಕಲ್ಲಿನ ಪೆಟ್ರೋಲ್ ಟ್ಯಾಂಕಿನ ಎರಡು ಕೆನ್ನೆಗಳಿಗೆ.

ಗಾಡಿ ಮಾವನದು. ಟೆಲಿಫೋನ್ ಲೈನ್‌ಮನ್ ಆಗಿದ್ದಷ್ಟು ಕಾಲವೂ ಅವರು ಹಿಂದಿನ ಸೀಟಿಗೆ ತಂತಿಯ ಸುರುಳಿ ಕಟ್ಟಿಕೊಂಡು ಅದರಲ್ಲೇ ಓಡಾಡಿದ್ದರು. ಗಾಡಿಯಿಂದ ಒಮ್ಮೆಯೂ ಬಿದ್ದವರಲ್ಲ, ಕಂಬದಿಂದಲೂ ಅಷ್ಟೆ. ನಿವೃತ್ತರಾದ ಮೇಲೆ ಅಡುಗೆಮನೆಯ ಬಲ್ಬು ಬದಲಿಸಲು ಹೋಗಿ ಸ್ಟೂಲಿನಿಂದ ಬಿದ್ದು ಎಡಮಂಡಿ ಮುರಿದುಕೊಂಡರು. "ಊರಿನ ಕಂಬವೆಲ್ಲಾ ಹತ್ತಿ ಇಳಿದೋರು, ನನ್ನ ಸ್ಟೂಲಿಗೆ ಬಿದ್ರು" ಎಂದು ಅತ್ತೆ ಬಂದವರಿಗೆಲ್ಲಾ ಹೇಳುತ್ತಿದ್ದರು. ಮಂಡಿ ವಾಸಿಯಾಯಿತು ಎಂದು ಮಾವ ಹೇಳಿದರು. ನಡಿಗೆ ನೋಡಿದರೂ ಹಾಗೆಯೇ ಅನಿಸುತ್ತಿತ್ತು. ಗಾಡಿ ಮಾತ್ರ ಹಿತ್ತಿಲಿನ ತಗಡಿನ ಮಾಡಿನ ಕೆಳಗೆ ಟಾರ್ಪಾಲು ಹೊದ್ದು ನಿಂತುಬಿಟ್ಟಿತು.

ಟಾರ್ಪಾಲು ತೆಗೆದವಳು ಸೊಸೆ. ಹರೆಯದಲ್ಲಿ ಮಾವನಿಗೆ ಒಂದು ಕೆಫೆ ರೇಸರ್ ಮಾಡಿಕೊಳ್ಳುವ ಆಸೆಯಿತ್ತು ಎಂದು ಒಂದು ದಿನ ಊಟದ ಹೊತ್ತಿನಲ್ಲಿ ಗೊತ್ತಾಯಿತು. ಒಂದು ಕಾಲಕ್ಕೆ ಹುಡುಗರು ಒಂದು ಕಾಫಿ ಅಂಗಡಿಯಿಂದ ಇನ್ನೊಂದಕ್ಕೆ ಪಂದ್ಯ ಕಟ್ಟಿ ಓಡಿಸುತ್ತಿದ್ದ ಗಾಡಿಗಳಿಗೆ ಬಂದ ಹೆಸರು ಅದು. ತಗ್ಗಿಸಿದ ಹ್ಯಾಂಡಲ್, ಹಿಂದಕ್ಕೆ ಸರಿಸಿದ ಕಾಲುಪೆಗ್ಗು, ಬಾಲದಲ್ಲಿ ಒಂದು ಗೂನು ಇರುವ ಒಂಟಿ ಸೀಟು, ಮಂಡಿ ಒತ್ತಿಕೊಳ್ಳಲು ಟ್ಯಾಂಕಿನ ಇಬ್ಬದಿಗೂ ತಗ್ಗು. ಓಡುವುದಕ್ಕೆ ಬೇಡವಾದದ್ದು ಯಾವುದೂ ಇರುವುದಿಲ್ಲ.

"ಮಾಡೋಣ ಮಾವ," ಎಂದಳು ಸೊಸೆ.

ಅತ್ತೆ ಅನ್ನ ಬಡಿಸುವ ಕೈ ನಿಲ್ಲಿಸಲಿಲ್ಲ. "ಮಾಡ್ಕೊಳ್ಳಿ. ಆದ್ರೆ ನಂದೊಂದು ಮಾತಿದೆ. ಮುಗಿದ ಮೇಲೆ ಇವರೇ ಓಡಿಸ್ಕೊಂಡು ಒಂದು ಸುತ್ತು ಬರ್ಬೇಕು. ಬೇಕರಿ ತಿರುವು, ಶಾಲೆ ಗೋಡೆ, ಏರು, ಮನೆ. ಏರಿನ ಮೇಲೆ ನಿಂತು ಹೊರಡ್ಬೇಕು. ಯಾರೂ ಹಿಡ್ಕೊಳ್ಳೋ ಹಾಗಿಲ್ಲ. ಆಗ್ಲಿಲ್ವೋ, ನನ್ನ ತಮ್ಮ ಬಂದು ಗಾಡಿ ತಗೊಂಡ್ಹೋಗ್ತಾನೆ."

"ಒಂದೇ ಸುತ್ತಾ?" ಎಂದರು ಮಾವ, ಮಜ್ಜಿಗೆ ಕೇಳುವ ದನಿಯಲ್ಲಿ.

"ಒಂದು ಬಂದು ತೋರ್ಸಿ ಸಾಕು."

ಏರನ್ನು ಅತ್ತೆ ಸುಮ್ಮನೆ ಹೇಳಿದ್ದಲ್ಲ. ಹಳೆಯ ಮಾದರಿಯ ಆ ಗಾಡಿಗೆ ಗೇರು ಬಲಗಾಲಿಗೆ, ಹಿಂದಿನ ಬ್ರೇಕು ಎಡಗಾಲಿಗೆ. ಏರಿನ ತುದಿಯಲ್ಲಿ ದೊಡ್ಡ ರಸ್ತೆ ಅಡ್ಡ ಬರುತ್ತದೆ, ಅಲ್ಲಿ ನಿಲ್ಲಲೇಬೇಕು. ಬಲಗಾಲು ನೆಲಕ್ಕೆ ಊರಿ, ಎಡಗಾಲಿನಲ್ಲಿ ಬ್ರೇಕು ಒತ್ತಿ ಹಿಡಿದು, ಮತ್ತೆ ಮುಂದೆ ಸಾಗಬೇಕು. ಎಡಗಾಲು ಕೈಕೊಟ್ಟರೆ ಗಾಡಿ ಹಿಂದಕ್ಕೆ ಜಾರುತ್ತದೆ. ಲೈನ್‌ಮನ್ನನ ಹೆಂಡತಿಗೆ ಇಷ್ಟು ಗೊತ್ತಿತ್ತು.

ಕೆಲಸ ಶುರುವಾಯಿತು. ಸೊಸೆ ಬಿಚ್ಚಿದ ಒಂದೊಂದು ನಟ್ಟು, ವಾಷರನ್ನೂ ಹಲ್ಲು ಬರುವ ಪುಟ್ಟ ಡಬ್ಬಿಗಳಲ್ಲಿ ಹಾಕಿ, ಮೇಲೆ ಜಾಗದ ಗುರುತು ಬರೆದಳು. ಇಂಜಿನ್ನು ಮಾವನ ಪಾಲು. ವಾಲ್ವುಗಳಿಗೆ ಉಜ್ಜಿ ನಯಗೊಳಿಸುವ ಮಸಾಲೆ ಹಚ್ಚಿ ಅಂಗೈಗಳ ನಡುವೆ ಕಡ್ಡಿ ಹೊಸೆಯುತ್ತಾ ಕೂರಿಸಿದರು. ಸೀಮೆಎಣ್ಣೆ ಸುರಿದು, ಕೆಳಗೆ ಒಂದು ಹನಿಯೂ ಇಳಿಯದ್ದನ್ನು ನೋಡಿದ ಮೇಲೆಯೇ ಎದ್ದರು. ಇಂಜಿನ್ನಿನ ಮಂಕು ಹಿಡಿದ ಅಲ್ಯೂಮಿನಿಯಂ ಹೊದಿಕೆಗಳನ್ನು ಸೊಸೆ ಲ್ಯಾಬಿಗೆ ಒಯ್ದು, ಹಲ್ಲಿಗೆ ಹೊಳಪು ಕೊಡುವ ಬಟ್ಟೆಯ ಚಕ್ರದಲ್ಲಿ ಬಿಡುವಿನ ವೇಳೆ ತಿಕ್ಕಿದಳು. ಅವು ಮನೆಗೆ ಬಂದಾಗ ಮಾವ ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದು ತಮ್ಮ ಮುಖ ನೋಡಿಕೊಂಡರು.

"ಹೊಸದಿದ್ದಾಗ್ಲೂ ಹೀಗಿರ್ಲಿಲ್ಲ ಇದು," ಎಂದರು.

"ನೀವೂ ಇರ್ಲಿಲ್ಲ," ಎಂದರು ಒಳಗಿನಿಂದ ಅತ್ತೆ.

ಚೌಕಟ್ಟು ಕತ್ತರಿಸುವ ದಿನ ಮಾತ್ರ ಎಲ್ಲರೂ ಸ್ವಲ್ಪ ಗಂಭೀರವಾಗಿದ್ದರು. ಹಿಂದಿನ ಶಾಕ್ ಅಬ್ಸಾರ್ಬರ್ ಕೂರುವ ಜಾಗದಿಂದ ಆಚೆಗಿನ ಕಂಬಿಯನ್ನು ಕೊಯ್ದು, ಬಾಗಿಸಿದ ಕೊಳವೆಯೊಂದನ್ನು ಬೆಸೆಯಬೇಕು. ಕೊಯ್ದ ಮೇಲೆ ಅದು ಹಳೆಯ ಗಾಡಿಯಾಗಿ ಉಳಿಯುವುದಿಲ್ಲ. ಸೊಸೆ ಸೀಮೆಸುಣ್ಣದ ಗೆರೆಯನ್ನು ಎರಡು ಸಲ ಅಳೆದಳು.

"ನಾನೆಲ್ಲಿ ಕೂರೋದು?" ಅತ್ತೆ ಬಾಗಿಲಲ್ಲಿ ನಿಂತು ಕೇಳಿದರು.

"ಇದು ಒಬ್ಬರೇ ಕೂರೋ ಗಾಡಿ ಅತ್ತೆ."

"ಸರಿ ಬಿಡು. ಇಷ್ಟು ವರ್ಷ ನನ್ನ ಜಾಗದಲ್ಲಿ ತಂತಿ ಸುರುಳಿ ಕೂತಿತ್ತು. ಈಗ ಜಾಗಾನೇ ಹೋಯ್ತು."

ಮಾವ ನಕ್ಕರು. ಗರಗಸ ಓಡಿತು.

ಟ್ಯಾಂಕಿನ ಸರದಿ ಕೊನೆಗೆ ಬಂತು. ತಗ್ಗು ಎಲ್ಲಿ ಬರಬೇಕು, ಎಷ್ಟು ಆಳ ಇರಬೇಕು ಎಂದು ಬೇರೆ ಗಾಡಿಗಳ ಮಾದರಿ ನೋಡಿ ಮಾಡುವವರೇ ಹೆಚ್ಚು. ಸೊಸೆಗೆ ಅದು ಸರಿಬರಲಿಲ್ಲ. ಯಾರದೋ ಬಾಯಿಗೆ ಮಾಡಿದ ಹಲ್ಲು ಇನ್ಯಾರಿಗೋ ಕೂರುತ್ತದೆಯೇ? ಮೇಣದ ಹಾಳೆಗಳನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ, ಟ್ಯಾಂಕಿನ ಇಬ್ಬದಿಗೂ ದಪ್ಪಕ್ಕೆ ಅಂಟಿಸಿ, ಮಾವನನ್ನು ಗಾಡಿಯ ಮೇಲೆ ಕೂರಿಸಿದಳು. ಎರಡೂ ಪಾದ ಹಿಂದಿನ ಹೊಸ ಪೆಗ್ಗುಗಳ ಮೇಲೆ, ಕೈ ತಗ್ಗಿದ ಹ್ಯಾಂಡಲಿನ ಮೇಲೆ.

"ಈಗ ಮಂಡಿ ಒತ್ತಿ ಮಾವ. ಅಲ್ಲಾಡ್ಬೇಡಿ."

"ಫೋಟೋ ತೆಗೀತಿದೀಯೇನಮ್ಮ?"

"ಅದಕ್ಕಿಂತ ಕಷ್ಟದ ಕೆಲಸ."

ಮಾವ ಶಿಲೆಯಂತೆ ಕೂತರು. ಹಣೆಯಲ್ಲಿ ಬೆವರು ಒಡೆಯಿತು. ತಗಡಿನ ಮಾಡಿನ ಸೆಕೆ ಎಂದುಕೊಂಡಳು ಸೊಸೆ. ಇಂಜಿನ್ನಿನ ವಿಷಯದಲ್ಲಿ ಇಬ್ಬರಿಗೂ ಮಾತು ಮುಗಿಯುತ್ತಿರಲಿಲ್ಲ, ಮಂಡಿಯ ವಿಷಯ ಮಾತ್ರ ಎತ್ತಿಯೇ ಇರಲಿಲ್ಲ. ಮಾವನ ಕಾಲು ಹಿಡಿದು ಬಾಗಿಸಿ ನೋಡುವ ಸಲಿಗೆ ಅವಳಿಗಿಲ್ಲ. ನೋಯುತ್ತದೆ ಎಂದು ಸೊಸೆಯ ಮುಂದೆ ಹೇಳುವ ಜಾಯಮಾನ ಅವರದಲ್ಲ. ಮೇಣ ತಣ್ಣಗಾಯಿತು. ಎರಡೂ ಬದಿಯಲ್ಲಿ ಒಂದೇ ಎತ್ತರಕ್ಕೆ, ಒಂದೇ ಆಳಕ್ಕೆ ಮಂಡಿಯ ಗುರುತು ಮೂಡಿತ್ತು. ಅಷ್ಟು ಚೆಂದದ ಜೋಡಿ ಅಚ್ಚು ಲ್ಯಾಬಿಗೂ ಬಂದದ್ದಿಲ್ಲ.

ಟ್ಯಾಂಕು ತಗಡಿನ ಕೆಲಸದವನ ಬಳಿಗೆ ಹೋಯಿತು. ಮೂರು ಬೀದಿ ಆಚೆ ಅವನ ಅಂಗಡಿ. ಕಿವಿ ಸ್ವಲ್ಪ ಮಂದ, ಜಗತ್ತೇ ಕಿವುಡು ಎಂಬಂತೆ ಮಾತಾಡುತ್ತಾನೆ. ಟ್ಯಾಂಕಿಗೆ ಬೆಂಕಿ ತೋರಿಸುವ ಮೊದಲು ಸೋಪುನೀರಿನಲ್ಲಿ ತೊಳೆದು, ಕಂಠದವರೆಗೆ ನೀರು ತುಂಬಿ, ಒಂದು ದಿನ ಹಾಗೇ ಇಟ್ಟ. ಆಮೇಲೆ ಎರಡೂ ಕೆನ್ನೆಗಳನ್ನು ತಟ್ಟಿ ತಟ್ಟಿ, ಮೇಣದ ಅಚ್ಚು ಒಳಗೆ ಕೂರುವವರೆಗೆ ತಗ್ಗಿಸಿದ.

ಟ್ಯಾಂಕು ಮನೆಗೆ ಬಂದ ದಿನ ಸೊಸೆ ಲ್ಯಾಬಿನ ರೂಢಿಯನ್ನೇ ಅನುಸರಿಸಿದಳು. ಸೆಟ್ಟು ಹಾಕಿದ ಮೇಲೆ ಒಂದು ನೀಲಿ ಮಸಿಯ ಕಾಗದ ಕಚ್ಚಿಸುತ್ತಾರೆ. ಎಲ್ಲಿ ತಾಗುತ್ತದೋ ಅಲ್ಲಿ ನೀಲಿ ಬೀಳುತ್ತದೆ. ಆ ಕಾಗದವನ್ನು ಎರಡೂ ತಗ್ಗುಗಳಿಗೆ ಚೆನ್ನಾಗಿ ಉಜ್ಜಿ, ಮಾವನನ್ನು ಕೂರಿಸಿ, ತಾನು ಬಲಬದಿಯಲ್ಲಿ ಗಾಡಿ ಹಿಡಿದು ನಿಂತಳು.

"ಹೇಗಿದೆ ಮಾವ?"

"ಸರಿಯಾಗಿದೆ. ಅಳತೆ ಕೊಟ್ಟು ಹೊಲಿಸಿದ ಹಾಗಿದೆ."

ಮರುದಿನ ಬಟ್ಟೆ ಒಗೆಯುವ ಹೊತ್ತಿಗೆ ಅತ್ತೆ ಒಂದು ಪ್ಯಾಂಟು ಹಿಡಿದುಕೊಂಡು ಹಿತ್ತಿಲಿಗೆ ಬಂದರು. ಒದ್ದೆ ಮಾಡಿರಲಿಲ್ಲ.

"ಈ ನೀಲಿ ನೀನು ಹಚ್ಚಿದ್ದಾ?"

"ಹೌದು ಅತ್ತೆ. ಸೋಪು ಹಾಕಿದ್ರೆ ಹೋಗುತ್ತೆ."

"ಹೋಗೋದು ಇರ್ಲಿ. ಒಂದೇ ಮಂಡಿಗೆ ಯಾಕಿದೆ?"

ಸೊಸೆ ಪ್ಯಾಂಟು ತೆಗೆದುಕೊಂಡು ನೋಡಿದಳು. ಬಲಮಂಡಿಯ ಮೇಲೆ ಅಂಗೈಯಗಲದ ನೀಲಿ. ಎಡಗಡೆ ಬಟ್ಟೆ ಚೊಕ್ಕ. ಅವಳು ಬಲಬದಿಯಲ್ಲಿ ನಿಂತಿದ್ದಾಗ ಆಚೆಬದಿಯ ಪಾದ ಪೆಗ್ಗಿನ ಮೇಲಿರಲೇ ಇಲ್ಲ, ಸುಮ್ಮನೆ ಜೋತಾಡುತ್ತಿತ್ತು.

"ನಂಗೆ ಗೊತ್ತಿತ್ತು," ಎಂದರು ಅತ್ತೆ. "ಚಪ್ಪಲಿ ಹಾಕ್ಕೊಳ್ಳೋವಾಗ ಬಾಗಿಲು ಹಿಡ್ಕೊಳ್ತಾರೆ. ನೆಲದ ಮೇಲೆ ಬಿದ್ದಿದ್ದನ್ನ ಎತ್ಕೊಡು ಅಂತಾರೆ. ಸರಿಯಾಗಿದೆ, ಸರಿಯಾಗಿದೆ ಅಂತ ಎರಡು ವರ್ಷದಿಂದ ಹೇಳ್ತಾನೇ ಇದಾರೆ."

"ಹಾಗಾದ್ರೆ ನಿಮ್ಮ ತಮ್ಮನಿಗೆ ಹೇಳಿ ಕಳಿಸ್ತೀರಾ?"

ಅತ್ತೆ ಪ್ಯಾಂಟನ್ನು ವಾಪಸು ತೆಗೆದುಕೊಂಡರು. "ಹೇಳಿ ಕಳಿಸೋದಾಗಿದ್ರೆ ಇದನ್ನ ಒಗೆದು ಒಣಗಿಸಿ ಸುಮ್ನಿರ್ತಿದ್ದೆ. ಸುತ್ತು ಬರೋ ದಿನ ತಾನಾಗೇ ಗೊತ್ತಾಗ್ತಿತ್ತು." ಹೋಗುತ್ತಾ, "ಆ ಏರಿನ ಮೇಲೆ ಗೊತ್ತಾಗೋದು ಬೇಡ," ಎಂದರು.

ತಪ್ಪು ಎಲ್ಲಿ ಆಯಿತೆಂದು ಸೊಸೆಗೆ ಆಗಲೇ ಹೊಳೆದಿತ್ತು. ಲ್ಯಾಬಿಗೆ ವಾಪಸು ಬರುವ ಸೆಟ್ಟುಗಳಿರುತ್ತವೆ. ಅಚ್ಚಿಗೆ ಸರಿಯಾಗಿ ಕೂರುತ್ತವೆ, ಬಾಯಿಗೆ ಕೂರುವುದಿಲ್ಲ. ವೈದ್ಯೆಯೊಬ್ಬರು ಕಾರಣ ಹೇಳಿದ್ದರು: "ಕಚ್ಚಿ ಅಂದ ಕೂಡ್ಲೇ ಯಾರೂ ತಮ್ಮ ಹಾಗೆ ಕಚ್ಚಲ್ಲಮ್ಮ. ಚೆನ್ನಾಗಿ ಕಾಣೋ ಹಾಗೆ ಕಚ್ತಾರೆ. ನಾನು ಮಾತಾಡಿಸ್ತೀನಿ, ಉಗುಳು ನುಂಗಿ ಅಂತೀನಿ. ಮೈಮರೆತಾಗ ದವಡೆ ತನ್ನ ಜಾಗಕ್ಕೆ ಬರುತ್ತೆ." ಬಾಯಿ ನೋಡದವಳಿಗೆ ಆ ಮಾತು ಇಷ್ಟು ದಿನ ಬರೀ ಮಾತಾಗಿತ್ತು. ಮಾವ ಕೊಟ್ಟದ್ದು ಈಗಿನ ಮಂಡಿಯ ಅಚ್ಚಲ್ಲ. ಹರೆಯದಲ್ಲಿ ಆಸೆಪಟ್ಟ ಗಾಡಿಯ ಮೇಲೆ ಆಗ ಹೇಗೆ ಕೂರುತ್ತಿದ್ದರೋ ಹಾಗೆ, ಹಲ್ಲು ಕಚ್ಚಿ, ಕೂತು ತೋರಿಸಿದ್ದರು.

ಮುಂದಿನ ರಜೆಯ ದಿನ ಅವಳು ಎಡಗಡೆಯ ಪೆಗ್ಗನ್ನು ಪೂರ್ತಿ ಬಿಚ್ಚಿ ತೆಗೆದಳು. ಅದರ ಜಾಗದಲ್ಲಿ ಇಟ್ಟಿಗೆಗಳ ಮೇಲೆ ಉದ್ದವಾದ ಹಲಗೆ ಇಟ್ಟಳು. ಟ್ಯಾಂಕಿನ ಎಡಗೆನ್ನೆಯ ತಗ್ಗನ್ನು ಮೇಣದಿಂದ ತುಂಬಿ ಸಮ ಮಾಡಿ, ಅದರ ಮೇಲೆ ಇನ್ನೂ ಒಂದು ಪದರ ಮೆತ್ತಿದಳು.

"ಪೆಗ್ಗೆಲ್ಲಿ?" ಎಂದರು ಮಾವ.

"ವೆಲ್ಡಿಂಗ್ ಸರಿ ಇರ್ಲಿಲ್ಲ, ಕೊಟ್ಟಿದೀನಿ. ಇವತ್ತು ಅಚ್ಚಿನ ಕೆಲಸ ಅಲ್ಲ ಮಾವ. ಗಾಡಿ ನಿಂತಿರೋವಾಗ ಇಂಜಿನ್ನು ಸಣ್ಣ ಓಟದಲ್ಲಿ ಒಂದೇ ಸಮ ಓಡ್ತಾ ಇಲ್ಲ. ನೀವು ಕೂತ್ಕೊಂಡು ಕಾರ್ಬುರೇಟರ್ ಹೊಂದಿಸ್ಬೇಕು. ನಂಗೆ ಆ ಶಬ್ದ ತಿಳಿಯಲ್ಲ."

ಕೊನೆಯ ಮಾತು ನಿಜವೇ ಆಗಿತ್ತು. ಮಾವ ಕಿಕ್ ಹೊಡೆದು ಕೂತರು. ಒಂಟಿ ಸಿಲಿಂಡರಿನ ಬಡಿತ ತಗಡಿನ ಮಾಡನ್ನು ನಡುಗಿಸಿತು. ಬಲಗೈಯಲ್ಲಿ ಪುಟ್ಟ ಸ್ಕ್ರೂಡ್ರೈವರ್ ಹಿಡಿದು, ಬಲಕ್ಕೆ ವಾಲಿ, ತಿರುಪನ್ನು ಕೂದಲೆಳೆಯಷ್ಟು ತಿರುಗಿಸುವುದು, ಕೇಳುವುದು, ಮತ್ತೆ ತಿರುಗಿಸುವುದು. ಕಂಬದ ಮೇಲೆ ಕೂತು ನೂರಾರು ತಂತಿಗಳಲ್ಲಿ ಕೆಟ್ಟದ್ದನ್ನು ಕೇಳಿಯೇ ಹಿಡಿಯುತ್ತಿದ್ದ ಕಿವಿ ಅದು. ಕಣ್ಣು ಅರ್ಧ ಮುಚ್ಚಿಕೊಂಡಿತು. ಬಡಿತಗಳು ಚದುರಿದ್ದವು, ಹತ್ತಿರ ಬಂದವು, ಕೊನೆಗೆ ಗಡಿಯಾರದ ಹಾಗೆ ಒಂದೇ ಲೆಕ್ಕಕ್ಕೆ ಬಿದ್ದವು. ಎಡಪಾದ ಹಲಗೆಯ ಮೇಲೆ ತಾನಾಗಿ ಮುಂದಕ್ಕೆ ಜಾರಿ ಒಂದೆಡೆ ನಿಂತಿತು. ಮಂಡಿ ಮೇಣಕ್ಕೆ ಒರಗಿತು. ಸೊಸೆ ಉಸಿರೆತ್ತದೆ ಪಾದದ ಸುತ್ತ ಸೀಮೆಸುಣ್ಣದ ಗೆರೆ ಎಳೆದಳು.

ಇಂಜಿನ್ನು ನಿಲ್ಲಿಸಿ ಇಳಿದಾಗ ಮಾವ ಮೊದಲು ಗೆರೆ ನೋಡಿದರು, ಆಮೇಲೆ ಮೇಣ. ಸ್ಕ್ರೂಡ್ರೈವರನ್ನು ಬಟ್ಟೆಯಲ್ಲಿ ಒರೆಸಿದರು.

"ಕೇಳಿದ್ರೆ ಹೇಳ್ತಿದ್ನಲ್ಲಮ್ಮ."

"ಕೇಳಿದ್ದೆ ಮಾವ. ಸರಿಯಾಗಿದೆ ಅಂದ್ರಿ."

"ಹೌದಲ್ವಾ," ಎಂದರು ಮಾವ. "ಎರಡು ಕಡೆ ಎರಡು ಥರ ಕಾಣುತ್ತೆ ಇನ್ನು."

"ಯಾವ ಬಾಯೂ ಎರಡು ಕಡೆ ಒಂದೇ ಥರ ಇರಲ್ಲ ಮಾವ. ಒಂದೇ ಥರ ಇದ್ರೆ ನಮಗೇ ಅನುಮಾನ ಬರುತ್ತೆ." ತನ್ನ ಮಾತು ತನಗೇ ತಾಗಿದಂತೆ ಅವಳು ತುಸು ನಕ್ಕಳು. "ನಂಗೆ ಆ ಅನುಮಾನ ಮೊದಲ ದಿನವೇ ಬರಬೇಕಿತ್ತು."

ತಗಡಿನವನಿಗೆ ಮಾತ್ರ ಒಪ್ಪಿಗೆಯಾಗಲಿಲ್ಲ. "ಎಡಗಡೆ ಮುಂದೆ, ಬಲಗಡೆ ಹಿಂದೆ. ನೋಡಿದೋರು ನಾನು ಕುಡಿದು ಬಡಿದೆ ಅಂತಾರೆ," ಎಂದು ಬೀದಿಗೆಲ್ಲಾ ಕೇಳುವಂತೆ ಹೇಳಿದ. ಸೊಸೆ ಎರಡೂ ಅಚ್ಚುಗಳನ್ನು ಅವನ ಮುಂದಿಟ್ಟಳು. ಎಡಗಡೆಯದರ ಮೇಲೆ ಹೆಬ್ಬೆರಳು ಆಡಿಸಿ ಅವನು ಸುತ್ತಿಗೆ ಎತ್ತಿಕೊಂಡ. ಹಳೆಯ ತಗ್ಗನ್ನು ಒಳಗಿನಿಂದ ಎತ್ತಿ, ಹೊಸದನ್ನು ಅದರ ಮುಂದೆ, ಸ್ವಲ್ಪ ಕೆಳಗೆ ಇಳಿಸಿದ. ಎರಡೂ ಸೇರುವ ಕಡೆ ಒಂದು ಅಲೆಯಂಥ ಏರಿಳಿತ ಉಳಿಯಿತು. ಬಣ್ಣ ಬಳಿದ ಮೇಲೆ ಬೆಳಕು ಆ ಬದಿಯಲ್ಲೇ ಹೆಚ್ಚು ಹೊತ್ತು ನಿಲ್ಲುತ್ತಿತ್ತು. ಎಡಗಾಲಿಗೆ ಗಾಡಿಯ ಮೂಲ ಪೆಗ್ಗೂ ಮೂಲ ಬ್ರೇಕೂ ಮರಳಿದವು. ಬಲಗಾಲು ರೇಸಿನವನದು, ಎಡಗಾಲು ಲೈನ್‌ಮನ್ನನದು.

ಸುತ್ತಿನ ದಿನ ಬೇಕರಿಯಲ್ಲಿ ಬೆಳಗಿನ ಪಾಳಿ ಮುಗಿಸಿದ ಮಗನೂ ಮೈಮೇಲಿನ ಹಿಟ್ಟಿನ ಸಮೇತ ಬಂದ. "ಅಪ್ಪ, ಏರಿನ ಹತ್ರ ನಾನು ನಿಂತಿರ್ಲಾ?"

"ಯಾರೂ ನಿಲ್ಲೋ ಹಾಗಿಲ್ಲ," ಎಂದರು ಅತ್ತೆ. ಸೊಸೆ ಕೊನೆಯದಾಗಿ ಎರಡೂ ತಗ್ಗುಗಳಿಗೆ ನೀಲಿ ಕಾಗದ ಉಜ್ಜಿ ಹಿಂದೆ ಸರಿದಳು. ಮಾವ ಅದೇ ಹಳೆಯ ಪ್ಯಾಂಟು ಹಾಕಿಕೊಂಡಿದ್ದರು. ಮೊದಲ ಕಿಕ್ಕಿಗೇ ಗಾಡಿ ಎದ್ದಿತು.

ಗೇಟಿನಿಂದ ಕಾಣುವುದು ಬೇಕರಿ ತಿರುವಿನವರೆಗೆ ಮಾತ್ರ. ಆಮೇಲೆ ಶಬ್ದವೊಂದೇ. ಶಾಲೆಯ ಗೋಡೆಗೆ ಬಡಿದು ಅದು ಎರಡಾಗಿ ಕೇಳಿಸಿತು. ಏರಿಗೆ ಗೇರು ಇಳಿಯಿತು, ದನಿ ದಪ್ಪವಾಯಿತು. ನಂತರ ತಗ್ಗಿ ಸಣ್ಣ ಓಟಕ್ಕೆ ಬಂದು, ಅಲ್ಲೇ ಉಳಿಯಿತು. ದೊಡ್ಡ ರಸ್ತೆಯಲ್ಲಿ ಯಾವುದೋ ಭಾರದ ಲಾರಿ ಹಾದುಹೋಗುತ್ತಿತ್ತು. ಒಂದೇ ಲೆಕ್ಕದ ಆ ಬಡಿತ ಅದರ ಅಡಿಯಲ್ಲಿ ಮುಳುಗಿತು, ಮತ್ತೆ ಮೇಲೆ ಬಂತು. ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು. ಮಗ ಏನೋ ಹೇಳಲು ಬಾಯಿ ತೆರೆದಾಗ ಕೈ ಎತ್ತಿ ತಡೆದರು.

ಬಡಿತ ಏರಿತು. ಜಾರಲಿಲ್ಲ, ಎಡವಲಿಲ್ಲ, ಮೇಲಕ್ಕೇ ಹೋಯಿತು.

ಗಾಡಿ ಬೀದಿಯ ಆಚೆ ತುದಿಯಿಂದ ಬಂದು, ಗೇಟಿನ ಮುಂದೆ ನಿಧಾನಿಸಿ, ನಿಲ್ಲದೆ ಹೋಯಿತು. ಮಾವ ಯಾರ ಕಡೆಗೂ ನೋಡಲಿಲ್ಲ. ಎರಡೂ ಮಂಡಿ ಟ್ಯಾಂಕಿಗೆ ಒತ್ತಿದ್ದವು, ಒಂದು ಮುಂದೆ, ಒಂದು ಹಿಂದೆ.

"ನಾನು ಒಂದೇ ಸುತ್ತು ಅಂದಿದ್ದು," ಎಂದರು ಅತ್ತೆ.

ಎರಡನೆಯ ಸುತ್ತು ಮುಗಿಸಿ ಇಳಿದಾಗ ಅತ್ತೆ ಅವರ ಮುಖ ನೋಡುವ ಮೊದಲು ಬಗ್ಗಿ ಪ್ಯಾಂಟು ನೋಡಿದರು. ಬಲಮಂಡಿಯ ಮೇಲೆ ನೀಲಿ. ಎಡಮಂಡಿಯ ಮೇಲೂ ಅಷ್ಟೇ ಅಗಲದ ನೀಲಿ.

"ಏನು ಹುಡುಕ್ತಿದೀಯ?" ಎಂದರು ಮಾವ.

"ಏನಿಲ್ಲ. ಈ ಕಲೆ ಇನ್ನು ಹೋಗಲ್ಲ. ಈ ಪ್ಯಾಂಟು ಗಾಡಿಗೇ ಅಂತ ಇಟ್ಕೊಳ್ಳಿ," ಎಂದು ಅತ್ತೆ ಒಳಗೆ ಹೋದರು.