ದೇವರ ಗೂಡಿನಲ್ಲಿದ್ದ ಮುದುಕ

ಈ ಪರದೇಶದಲ್ಲಿ, ಪಾರ್ಕ್ ರಾಯಲ್‌ನ ಸ್ಯಾಂಡ್‌ವಿಚ್ ಫ್ಯಾಕ್ಟರಿಯಲ್ಲಿ ನನ್ನ ಪಕ್ಕ ನಿಂತು ಕೆಲಸ ಮಾಡುವ ಬೆಯಾತಾ ಪೋಲೆಂಡಿನವಳು. ಬಾಯಿ ಜೋರು, ಮನಸ್ಸು ಬೆಣ್ಣೆ. ದೀಪಾವಳಿಗೆ ನಾವು ಲಕ್ಷ್ಮೀಪೂಜೆ ಮಾಡುತ್ತೇವೆ ಎಂದಿದ್ದೇ ತಡ, ಊರಿಗೆ ಹೋದವಳು ನನಗೊಂದು ಪಟ ತಂದುಕೊಟ್ಟಳು. ಅದರಲ್ಲಿ ಉದ್ದ ಗಡ್ಡ, ಕರಿ ಟೋಪಿಯ ಮುದುಕನೊಬ್ಬ ಚಿನ್ನದ ನಾಣ್ಯ ಎಣಿಸುತ್ತಿದ್ದ.

"ಮನೇಲಿ ಹಾಕು, ಗಾರ್ಗಿ. ದುಡ್ಡು ಬರುತ್ತೆ. ನಮ್ಮೂರಲ್ಲಿ ಬಹಳ ಜನ ಹಾಕ್ತಾರೆ."

ದುಡ್ಡು ಬರುತ್ತದೆ ಎಂದರೆ ಬೇಡ ಎನ್ನುವಷ್ಟು ದೊಡ್ಡವಳೇನಲ್ಲ ನಾನು.

"ಥೇಟ್ ನಮ್ಮ ಕುಬೇರ ಇದ್ದಂಗ ಅದಾನಲ್ಲೇ!" ಎಂದ ನನ್ನ ಗಂಡ ಸುಶಾಂತ. ಪಟವನ್ನು ಲಕ್ಷ್ಮಿಯ ಪಕ್ಕದಲ್ಲೇ ಇಟ್ಟು ಮುದುಕನ ಹಣೆಗೆ ಕುಂಕುಮ ಹಚ್ಚಿದೆ.

ಎದುರು ಫ್ಲ್ಯಾಟಿನ ಎಸ್ತರಮ್ಮ ಯಹೂದಿ. ನಮ್ಮ ಅವ್ವನಿಗೆ ವೀಸಾ ಸಿಗದಿದ್ದಾಗ ನನ್ನ ಬಾಣಂತನ ಮಾಡಿದವರು. ನಾನು ಎಷ್ಟು ರೇಗಿದರೂ ನಕ್ಕು ಬಿಸಿ ಸೂಪು ಕುಡಿಸುತ್ತಿದ್ದರು. ಈ ಊರಲ್ಲಿ ನನಗೆ ತವರು ಅಂತಿದ್ದರೆ ಅದು ಅವರ ಮನೆಯೇ.

ಹಬ್ಬದ ಸಂಜೆ ಮಗಳು ಕೃತಿ ದೀಪ ತೋರಿಸಲು ಅವರನ್ನು ದೇವರ ಗೂಡಿನ ಮುಂದೆ ಎಳೆದೊಯ್ದಳು. ಅವರು ಅಲ್ಲೇ ನಿಂತುಬಿಟ್ಟರು.

"ಇದನ್ನ ಯಾರು ಕೊಟ್ರು?"

ಬೆಯಾತಾಳ ಹೆಸರು ಹೇಳಿದೆ. ಕುಬೇರನ ಕಥೆಯನ್ನೂ ಜಂಬದಿಂದ ಹೇಳಿದೆ.

"ಇವನು ದೇವರಲ್ಲ, ಗಾರ್ಗಿ. ಯಹೂದಿ. ನಮಗೆ ದುಡ್ಡೇ ಸರ್ವಸ್ವ ಅಂತ ಹೀಗೆ ಬರೀತಾರೆ. ನಮ್ಮಪ್ಪ ಪೋಲೆಂಡಿನಲ್ಲಿ ದರ್ಜಿ ಆಗಿದ್ದ. ಮನೆಯವರನ್ನೆಲ್ಲ ನಾಜಿಗಳು ಕೊಂದ್ರು, ಅವನೊಬ್ಬ ಉಳಿದ. ಈಗ ಆ ಊರಲ್ಲಿ ನಮ್ಮವರು ಒಬ್ರೂ ಇಲ್ಲ. ಪಟ ಮಾತ್ರ ಮಾರ್ತಾರೆ."

ಪಟ ತೆಗೆದು ಕಸದ ಬುಟ್ಟಿಗೆ ಹಾಕಲು ಹೊರಟೆ.

"ಕಸಕ್ಕೆ ಬೇಡ. ಎಷ್ಟಾದರೂ ಅವನು ನಮ್ಮವನ ಹಾಗೇ ಇದ್ದಾನೆ," ಎಂದು ಅದನ್ನು ಎದೆಗವಚಿಕೊಂಡು ಹೋದರು.

ಅಂದಿನಿಂದ ಸಂಜೆಯ ಚಹಾಕ್ಕೆ ಬಂದಿಲ್ಲ. ಬಾಗಿಲು ತಟ್ಟಿದರೆ ತೆಗೆಯುತ್ತಾರೆ, ತಲೆನೋವು ಎನ್ನುತ್ತಾರೆ. ಕೃತಿ ಅವರ ಬಾಗಿಲ ಮುಂದೆ ಕೂತು ಅಳುತ್ತಾಳೆ. ನನಗೂ ಅಳು ಬರುತ್ತದೆ.

ಸೋಮವಾರ ಬೆಯಾತಾಳ ಮೇಲೆ ಹರಿಹಾಯ್ದೆ. ಒಮ್ಮೆ ಬಂದು ಎಸ್ತರಮ್ಮನ ಕ್ಷಮೆ ಕೇಳು ಎಂದೆ.

"ಕ್ಷಮೆ ಯಾಕೆ? ಒಳ್ಳೇದಾಗಲಿ ಅಂತ ತಾನೇ ಕೊಟ್ಟಿದ್ದು! ನಾನು ಇವತ್ತಿನವರೆಗೂ ಒಬ್ಬ ಯಹೂದಿಯನ್ನೂ ನೋಡಿಲ್ಲ."

"ನಾನು ಹೆತ್ತಾಗ ತಿಂಗಳುಗಟ್ಟಲೆ ನನ್ನನ್ನೂ ಕೂಸನ್ನೂ ನೋಡ್ಕೊಂಡಿದ್ದು ಅವರೇ!"

ಬೆಯಾತಾ ಕಣ್ಣರಳಿಸಿದಳು. ಆ ಕಣ್ಣುಗಳಲ್ಲಿ ಕೆಡುಕು ಎಳ್ಳಷ್ಟೂ ಇರಲಿಲ್ಲ.

"ಹೌದಾ?" ಎಂದಳು. "ಎಷ್ಟು ತಗೊಂಡ್ರು?"